ಧನಿಗಳ ದಯೆಯಿಂದ

ಮೂವತ್ತಾರು ವರ್ಷ ನಾನು ಬೇಡಿದ್ದೇನೆ. ನನಗಾಗಿ ಅಲ್ಲ, ಊರವರಿಗಾಗಿ. ಹಂಪನಕಟ್ಟೆಯ ಒಂದು ಜೆರಾಕ್ಸ್ ಅಂಗಡಿಯ ಜಗಲಿಯಲ್ಲಿ ನನ್ನ ಮೇಜು. ಮೊದಲು ಟೈಪ್‌ರೈಟರ್ ಇತ್ತು, ಈಗ ಲ್ಯಾಪ್‌ಟಾಪು, ಪ್ರಿಂಟರು. ರೇಷನ್ ಕಾರ್ಡಿಗೆ, ನಳ್ಳಿ ನೀರಿಗೆ, ಪಿಂಚಣಿಗೆ, ಯಾರಿಗೆ ಯಾವ ಕಚೇರಿಯಿಂದ ಏನು ಬೇಕೋ ಅದಕ್ಕೆ ಅರ್ಜಿ ಬರೆದುಕೊಡುತ್ತೇನೆ. ಜನ ಪೌಲ್ ಮಾಸ್ಟ್ರು ಎನ್ನುತ್ತಾರೆ, ಯಾವ ಶಾಲೆಯಲ್ಲೂ ಕಲಿಸಿದವನಲ್ಲ ನಾನು. ನನ್ನ ಅರ್ಜಿಗಳಿಗೆ ತಲೆ ಬೇರೆ ಬೇರೆ, ಬಾಲ ಒಂದೇ: "ಆದುದರಿಂದ ತಾವು ದಯಮಾಡಿ ಕೃಪೆ ತೋರಬೇಕಾಗಿ ಬೇಡಿಕೊಳ್ಳುತ್ತೇನೆ. ಇಂತಿ ತಮ್ಮ ವಿಧೇಯ." ಈ ಸಾಲನ್ನು ಕಣ್ಣು ಮುಚ್ಚಿ ಟೈಪ್ ಮಾಡಬಲ್ಲೆ. ಇಷ್ಟು ವರ್ಷದಲ್ಲಿ ಅದಕ್ಕೆ ಕೈ ಹಾಕಿದವಳು ಒಬ್ಬಳೇ, ಜೆಪ್ಪುವಿನ ಹಲೀಮಾ. ಆ ದಿನ ಅವಳ ಮೇಲೆ ನನಗೆ ಬಂದ ಸಿಟ್ಟು ಸಣ್ಣದಲ್ಲ. ಅವಳ ಕಥೆ ಹೇಳದಿದ್ದರೆ ಆ ಸಿಟ್ಟು ಎಲ್ಲಿಗೆ ಹೋಯಿತೆಂದು ನಿಮಗೆ ತಿಳಿಯುವುದಿಲ್ಲ.

ಹಲೀಮಾಳದು ಲಾಂಡ್ರಿ ಕೆಲಸ. ಮನೆಮನೆಯ ಅಂಗಿ, ಲುಂಗಿ ಅಲ್ಲ. ಲಾಡ್ಜುಗಳ ಬೆಡ್‌ಶೀಟು, ದಿಂಬಿನ ಕವರು, ಟವೆಲು. ಅವಳ ಗಂಡ ಉಮರಬ್ಬ ದಮ್ಮಾಮಿನಲ್ಲಿ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿದ್ದವನು. ಹನ್ನೊಂದು ವರ್ಷದ ಹಿಂದೆ ಬೆನ್ನು ಕೆಡಿಸಿಕೊಂಡು ಊರಿಗೆ ಬಂದ. ಬೆನ್ನು ಹೋದರೂ ವಿದ್ಯೆ ತಲೆಯಲ್ಲಿತ್ತು. ಯಾವ ಕಲೆಗೆ ಏನು ಹಾಕಬೇಕು, ಬಿಳಿ ಬಟ್ಟೆಗೆ ನೀಲಿ ಎಷ್ಟು, ಇಸ್ತ್ರಿ ಎಷ್ಟು ಬಿಸಿ ಇರಬೇಕು, ಎಲ್ಲ ಅವನು ಕುರ್ಚಿಯಲ್ಲಿ ಕೂತು ಹೇಳಿದ, ಇವಳು ಮಾಡಿದಳು. ಬಂದರಿನಲ್ಲಿ ಅಂಗಡಿ ಇಟ್ಟಿರುವ ಅವಳ ಕಡೆಯವರು ಬಂದು, ನಮ್ಮ ಮನೆಯ ಹೆಣ್ಣು ಕಂಡವರ ಚಾದರ ಒಗೆಯುವುದಾ ಎಂದು ಕೇಳಿದರಂತೆ. "ಗಂಡ ದಮ್ಮಾಮಿನಲ್ಲಿ ಒಗೆದ್ರೆ ಫಾರಿನ್, ನಾನು ಜೆಪ್ಪುವಿನಲ್ಲಿ ಒಗೆದ್ರೆ ಮರ್ಯಾದೆ ಹೋಗ್ತದಾ?" ಎಂದಳಂತೆ ಇವಳು. ಬಂದವರು ಚಹಾ ಕುಡಿದು ಹೋದರು.

ಜಾಗ ಕೊಟ್ಟದ್ದು ಗುಣಪಾಲ ಧನಿಗಳು. ಹಿಂದೆ ಗೇಣಿಯ ಅಕ್ಕಿ ಬಂದು ಬೀಳುತ್ತಿದ್ದ ಮನೆತನ ಅವರದು. ಗದ್ದೆಗಳು ಒಕ್ಕಲುಗಳ ಪಾಲಾದವು, ಇವರು ಹಂಪನಕಟ್ಟೆಯಲ್ಲಿ ಲಾಡ್ಜು ಕಟ್ಟಿಸಿದರು. ಜನ ಮಾತ್ರ ಧನಿ ಎನ್ನುವುದನ್ನು ಬಿಡಲಿಲ್ಲ. ಜೆಪ್ಪುವಿನ ಅವರ ಮನೆಯ ಹಿಂದೆ ಹಳೆ ಕಾರ್ ಶೆಡ್ಡು ಖಾಲಿ ಇತ್ತು. "ಪೊಕ್ಕಡೆ, ಸುಮ್ಮನೆ ಖಾಲಿ ಬಿದ್ದಿದೆ. ನಿನ್ನದೇ ಅಂತ ತಿಳ್ಕೊ" ಎಂದು ಬೀಗದಕೈ ಕೊಟ್ಟರು. ಬಾಡಿಗೆ ಬೇಡ ಎಂದರು. ತಮ್ಮ ಲಾಡ್ಜಿನ ಬಟ್ಟೆಯನ್ನೂ ಅವಳಿಗೇ ಕಳಿಸಿದರು. ಒಂದು ಕೆಟ್ಟ ಮಾತು ಆ ಮನುಷ್ಯನ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ಕೆಟ್ಟವರನ್ನು ಹುಡುಕಿದರೆ ನಿಮಗೆ ಸಿಗುವುದಿಲ್ಲ.

ಆದರೂ ಧನಿಗಳ ಕಾರು ಅಂಗಳಕ್ಕೆ ಬಂದ ಸದ್ದು ಕೇಳಿದರೆ ಹಲೀಮಾ ರೇಡಿಯೋ ಆರಿಸುತ್ತಿದ್ದಳು. ತಟ್ಟಿಯ ಬಾಗಿಲು ದೂಡಿ ಅವರು ನೇರ ಒಳಗೆ ಬರುವರು, ಅವರದೇ ಶೆಡ್ಡಲ್ಲವೇ. ಇವಳು ಕೈಯಲ್ಲಿದ್ದುದನ್ನು ಬಿಟ್ಟು ಎದ್ದು ನಿಲ್ಲುವಳು. ರೇಡಿಯೋ ಬೇಡ ಎಂದು ಅವರು ಹೇಳಿದವರಲ್ಲ, ಎದ್ದು ನಿಲ್ಲು ಎಂದೂ ಹೇಳಿದವರಲ್ಲ. ಇನ್ನೊಂದು ಲಾಡ್ಜಿನವರು ತಮ್ಮ ಬಟ್ಟೆಯನ್ನೂ ತೆಗೆದುಕೊಳ್ಳುತ್ತೀಯಾ ಎಂದು ಎರಡು ಸಲ ಕೇಳಿದಾಗ ಇವಳು ಆಗುವುದಿಲ್ಲ ಎಂದಿದ್ದಳು.

"ಧನಿ ಬೇಡ ಅಂದ್ರಾ?" ಎಂದು ನಾನು ಕೇಳಿದ್ದೆ.

"ಇಲ್ಲ. ನಾನು ಕೇಳಲೇ ಇಲ್ಲ. ಅವರ ಮುಖ ಹೇಗಾಗ್ತದೋ ಅಂತ."

ಕಳೆದ ಫೆಬ್ರವರಿಯಲ್ಲಿ ಧನಿಗಳ ಮನೆಯಲ್ಲಿ ಮದುವೆ ಬಂತು. ಅಡುಗೆಯ ಪಾತ್ರೆ, ಕುರ್ಚಿ ಇಡಲು ಜಾಗ ಬೇಕಾಯಿತು. "ಹಲೀಮಾ, ಮೂರು ದಿನ ಸ್ವಲ್ಪ ಎಡ್ಜಸ್ಟ್ ಮಾಡು ಆಯ್ತಾ?" ಎಂದರು. ಮಾಡಿದಳು. ಮೂರು ದಿನದ ಸಂಪಾದನೆಯನ್ನೂ ಅವರು ಕೈಗಿಟ್ಟರು, ಊಟಕ್ಕೂ ಕರೆದರು. ನಾಲ್ಕನೇ ದಿನ ಶೆಡ್ಡು ಮೊದಲಿನಂತೆಯೇ ಅವಳ ಕೈಗೆ ಬಂತು. ಯಾರಿಗೂ ಏನೂ ಆಗಲಿಲ್ಲ. ಅದರ ಮರುವಾರ ಹಲೀಮಾ ನನ್ನ ಮೇಜಿನೆದುರು ಬಂದು ಕೂತಳು. ಕಡಲಸೀಮೆ ಅಭಿವೃದ್ಧಿ ಬ್ಯಾಂಕಿಗೆ ಅರ್ಜಿ ಬರೆಯಬೇಕು ಎಂದಳು.

ಅದು ಸರಕಾರದ ಬ್ಯಾಂಕು. ಅಲ್ಲಿ ಯಾರೂ ದುಡ್ಡು ಇಡುವುದಿಲ್ಲ, ಸಣ್ಣ ಉದ್ಯಮ ಮಾಡುವವರಿಗೆ ಯಂತ್ರಕ್ಕೆ, ಜಾಗಕ್ಕೆ ಸಾಲ ಕೊಡಲಿಕ್ಕೆಂದೇ ಇರುವುದು. ಹೆಂಗಸರ ಯೋಜನೆಯಲ್ಲಿ ಬಡ್ಡಿ ಇಲ್ಲ, ಸೇವಾಶುಲ್ಕ ಮಾತ್ರ. ಅದು ಗೊತ್ತಾದ ಮೇಲೆಯೇ ಉಮರಬ್ಬ ಹೂಂ ಎಂದದ್ದು. ಹಲೀಮಾಳಿಗೆ ಬೇಕಿದ್ದದ್ದು ಬಟ್ಟೆ ಒಣಗಿಸುವ ದೊಡ್ಡ ಯಂತ್ರ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಊರಲ್ಲಿ ಒಂದು ಕರವಸ್ತ್ರ ಒಣಗುವುದಿಲ್ಲ, ಇನ್ನು ಲಾಡ್ಜಿನ ಚಾದರ ಎಲ್ಲಿ ಒಣಗಬೇಕು? ಅರ್ಜಿಗೆ ಏಪ್ರಿಲ್ ಮೂವತ್ತು ಕೊನೆಯ ದಿನ. ಆಮೇಲೆ ಯೋಜನೆ ಮುಂದುವರಿಯುತ್ತದೋ ಇಲ್ಲವೋ ಬ್ಯಾಂಕಿನವರಿಗೇ ಗೊತ್ತಿರಲಿಲ್ಲ.

ಅರ್ಜಿ ನಮೂನೆಯ ಒಂಬತ್ತನೇ ಕಾಲಂ: "ಉದ್ಯಮ ನಡೆಸುವ ಸ್ಥಳದ ಮೇಲೆ ಅರ್ಜಿದಾರರ ಹಕ್ಕು." ನಾನು ಒಂದು ಗಳಿಗೆ ಯೋಚಿಸಿ, ಬಹಳ ಚಂದವಾಗಿ ಬರೆದೆ: "ಧನಿಗಳ ದಯೆಯಿಂದ." ನನ್ನ ಕನ್ನಡದ ಮೇಲೆ ನನಗೆ ಸ್ವಲ್ಪ ಅಹಂಕಾರ ಉಂಟು, ಸುಳ್ಳು ಯಾಕೆ ಹೇಳಲಿ. ಹತ್ತು ದಿನಕ್ಕೆ ಅರ್ಜಿ ವಾಪಸು ಬಂತು. ಆ ಎರಡು ಶಬ್ದದ ಕೆಳಗೆ ಕೆಂಪು ಗೆರೆ. ಬದಿಯಲ್ಲಿ ಬ್ಯಾಂಕಿನ ಅಧಿಕಾರಿ ವಿನಿಫ್ರೆಡ್ ಮೇಡಂ ಬರೆದಿದ್ದರು: "ದಯೆ ಹಕ್ಕಲ್ಲ. ಸ್ವಂತ ಜಾಗದ ದಾಖಲೆ ಅಥವಾ ಬಾಡಿಗೆ ಕರಾರು ಲಗತ್ತಿಸಿ."

ನನಗೆ ಮೈಯೆಲ್ಲ ಉರಿಯಿತು. ನನ್ನ ಅರ್ಜಿಗೆ ಕೆಂಪು ಗೆರೆ! ಹಲೀಮಾ ಅದನ್ನು ಎರಡು ಸಲ ಓದಿ ನಕ್ಕಳು.

"ನನಗೆ ಹೇಳ್ಲಿಕ್ಕೆ ಶಬ್ದ ಸಿಗ್ತಾ ಇರ್ಲಿಲ್ಲ ಮಾಸ್ಟ್ರೇ. ಈ ಮೇಡಮಿಗೆ ಸಿಕ್ಕಿತು ನೋಡಿ."

"ಎಂತ ಸಿಕ್ಕಿತು? ನಿನಗೆ ಎಂತ ಕಡಿಮೆ ಆಗಿದೆ ಮಾರಾಯ್ತಿ? ಬಾಡಿಗೆ ಇಲ್ಲ, ಕಿರಿಕಿರಿ ಇಲ್ಲ. ಧನಿ ಒಂದು ದಿನ ನಿನ್ನ ತಂಟೆಗೆ ಬಂದವರಲ್ಲ. ಇದಕ್ಕಿಂತ ಸ್ವಾತಂತ್ರ್ಯ ಬೇರೆ ಉಂಟಾ?"

"ಬರ್ಲಿಲ್ಲ, ಹೌದು. ಬರಬಹುದಲ್ಲ?"

"ಅವರು ಬರುವ ಜನ ಅಲ್ಲ."

"ಅದು ಅವರ ಒಳ್ಳೆತನ. ಅದು ಅವರ ಹತ್ತಿರ ಉಂಟು, ನನ್ನ ಹತ್ತಿರ ಇಲ್ಲ. ಮೂರು ದಿನ ಅಂದ್ರು, ನಾನು ಹೂಂ ಅಂದೆ. ಮೂವತ್ತು ದಿನ ಅಂದಿದ್ರೆ? ಆಗಲೂ ಹೂಂ ಅನ್ನಬೇಕು. ನನಗೆ ಬೇರೆ ಉತ್ತರ ಇಲ್ಲ, ಅದೇ ನನ್ನ ಮಂಡೆಬೆಚ್ಚ, ಅದೇ ಚಿಂತೆ."

"ಬ್ಯಾಂಕಿನವರು ಮೂರು ತಿಂಗಳಿಗೊಮ್ಮೆ ಬಂದು ಮಿಷನ್ ತೋರಿಸು, ಬಿಲ್ಲು ತೋರಿಸು ಅಂತಾರೆ. ಅದು ತಂಟೆ ಅಲ್ವಾ?"

"ತಂಟೆಯೇ. ಆದ್ರೆ ಯಾವಾಗ ಬರ್ತಾರೆ, ಎಂತ ನೋಡ್ತಾರೆ ಅಂತ ಮೊದಲೇ ಬರೆದು ಉಂಟು. ಹೆಚ್ಚು ಕೇಳಿದ್ರೆ ಆ ಕಾಗದ ತೋರಿಸಿ ಜಗಳ ಮಾಡಬಹುದು. ಧನಿಗೆ ಯಾವ ಕಾಗದ ತೋರಿಸ್ಲಿ?" ಎಂದವಳು ಸುಮ್ಮನಿರದೆ ನನ್ನ ಮೇಜನ್ನು ತಟ್ಟಿದಳು. "ಇದು ಯಾರ ಜಗಲಿ?"

"ಈ ಅಂಗಡಿಯ ಯಜಮಾನ್ತಿ ಏವ್ರಿಲ್ ಬಾಯಿಯದ್ದು. ನಾವು ಒಂದೇ ಇಗರ್ಜಿಯವರು. ಇಪ್ಪತ್ತು ವರ್ಷ ಆಯ್ತು, ಒಂದು ರೂಪಾಯಿ ಕೇಳಿದವರಲ್ಲ."

"ಅವರ ಜೆರಾಕ್ಸ್ ಮಾಸಿ ಬಂದ್ರೆ ನೀವು ಹೇಳ್ತೀರಾ?"

ನಾನು ಪ್ರಿಂಟರಿನ ಧೂಳು ಒರೆಸತೊಡಗಿದೆ. ಇಪ್ಪತ್ತು ವರ್ಷದಿಂದ ಆ ಮಾಸಿದ ಪ್ರತಿಗಳನ್ನು ಗಿರಾಕಿಗಳಿಗೆ ಕೊಟ್ಟು, ಬೈಗುಳವನ್ನು ನಾನೇ ತಿನ್ನುತ್ತ ಬಂದಿದ್ದೇನೆ.

ಕೊನೆಗೆ ಬಾಡಿಗೆ ಕರಾರಿನ ಕರಡು ಹಿಡಿದು ಇಬ್ಬರೂ ಧನಿಗಳ ಮನೆಗೆ ಹೋದೆವು. ಆ ಶೆಡ್ಡಿಗೇ ತಿಂಗಳ ಬಾಡಿಗೆ ಕೊಡುತ್ತೇನೆ, ಮೂರು ವರ್ಷಕ್ಕೆ ಬರೆದುಕೊಡಿ ಎಂಬುದು ಅವಳ ಕೋರಿಕೆ. ಧನಿಗಳು ಕನ್ನಡಕ ಹಾಕಿ ನಿಧಾನವಾಗಿ ಓದಿದರು.

"ಎಂತ ಇದು ಹಲೀಮಾ? ನಾನು ಬಾಡಿಗೆ ಕೇಳಿದ್ದೇನಾ?"

"ಇಲ್ಲ ಧನಿ."

"ನಿನ್ನನ್ನು ಹೊರಗೆ ಹಾಕ್ತೇನೆ ಅಂತ ಹೆದರಿಕೆಯಾ?"

"ಇಲ್ಲ ಧನಿ."

"ಮತ್ತೆ?"

ನನ್ನ ಮೇಜಿನೆದುರು ಪಟಪಟ ಮಾತಾಡಿದವಳ ಬಾಯಿ ಅಲ್ಲಿ ಕಟ್ಟಿಹೋಯಿತು. "ಬ್ಯಾಂಕಿಗೆ ಬೇಕು" ಎಂದಳು, ಅಷ್ಟೇ.

"ಬ್ಯಾಂಕ್ ಯಾಕೆ? ಮಿಷನಿಗೆ ನಾನೇ ಕೊಡ್ತೇನೆ. ಆದಾಗ ಕೊಡು, ಆಗದಿದ್ರೆ ಇಲ್ಲ."

ನಾನಾಗಿದ್ದರೆ ಅಲ್ಲೇ ಕಾಲು ಹಿಡಿಯುತ್ತಿದ್ದೆ. ಹಲೀಮಾ ನೆಲ ನೋಡುತ್ತ "ಬೇಡ ಧನಿ" ಎಂದಳು. ಅವರಿಗೆ ನಿಜವಾಗಿ ನೋವಾಯಿತು, ಕಣ್ಣು ಕೆಂಪಾದದ್ದನ್ನು ನಾನೇ ನೋಡಿದೆ. ನಮ್ಮ ನಮ್ಮೊಳಗೆ ಕಾಗದ ಬಂತೆಂದರೆ ವಿಶ್ವಾಸ ಹೋಯಿತೆಂದೇ ಅರ್ಥ, ಇದಕ್ಕೆ ನಾನು ಸಹಿ ಹಾಕುವುದಿಲ್ಲ ಎಂದು ಕರಡನ್ನು ಮಡಚಿ ಕೊಟ್ಟರು. ನಾವು ಗೇಟಿನವರೆಗೆ ಬಂದಾಗ ಹಿಂದಿನಿಂದ ಕರೆದು, "ಆ ಬ್ಯಾಂಕಿನ ದೊಡ್ಡ ಆಫೀಸರು ನನ್ನ ಕ್ಲಾಸ್‌ಮೇಟ್. ಒಂದು ಫೋನ್ ಮಾಡಿ ಬಿಡ್ತೇನೆ, ಹೋಗಿ" ಎಂದರು. ಅಷ್ಟು ಬೇಜಾರಿನಲ್ಲೂ ಹಾಗೆಂದರು ನೋಡಿ. ದೊಡ್ಡ ಮನಸ್ಸು.

ಫೋನು ಕೆಲಸ ಮಾಡಿತು. ಏಪ್ರಿಲ್ ಎಂಟಕ್ಕೆ ಬ್ಯಾಂಕಿನಿಂದ ಕರೆ ಬಂತು. ವಿನಿಫ್ರೆಡ್ ಮೇಡಂ ಮುಖ ಗಂಟು ಹಾಕಿಕೊಂಡು ಫೈಲನ್ನು ನಮ್ಮ ಕಡೆ ತಿರುಗಿಸಿದರು.

"ಮೇಲಿನಿಂದ ಹೇಳಿದ್ದಾರೆ. ಕರಾರು ಇಲ್ಲದಿದ್ರೂ ವಿಶೇಷ ಪ್ರಕರಣ ಅಂತ ಮಂಜೂರು ಮಾಡಬಹುದಂತೆ. ಇಲ್ಲಿ ಸೈನ್ ಹಾಕಿ."

ನಾನು ಪೆನ್ನು ತೆಗೆದು ಹಲೀಮಾಳ ಮುಂದೆ ಹಿಡಿದೆ. ಅವಳು ಹಿಡಿಯಲಿಲ್ಲ.

"ಮೇಡಂ, ಫೋನ್ ಮಾಡಿಸದೆ ಬಂದವರಿಗೆ ಹೀಗೆ ಆಗ್ತದಾ?"

"ಇಲ್ಲ."

"ನಾಳೆ ಇನ್ನೊಂದು ಫೋನ್ ಬಂದ್ರೆ?"

ಮೇಡಂ ಬಾಗಿಲ ಕಡೆ ಒಮ್ಮೆ ನೋಡಿದರು. "ಫೈಲು ಪುನಃ ತೆರೀಬಹುದು" ಎಂದರು.

"ಹಾಗಾದ್ರೆ ಬೇಡ ಮೇಡಂ. ಇಲ್ಲಿಯೂ ನನಗೊಬ್ಬ ಧನಿ ಬೇಡ."

ವಿನಿಫ್ರೆಡ್ ಮೇಡಂ ಫೈಲು ಮುಚ್ಚಿದರು. ಗಂಟು ಹಾಕಿದ್ದ ಮುಖ ಸಡಿಲವಾಯಿತು. "ಇದು ನನ್ನ ದುಡ್ಡಲ್ಲ ಹಲೀಮಾ, ದಯೆ ತೋರಿಸ್ಲಿಕ್ಕೆ. ಫೋನ್ ಮಾಡಿದವರದ್ದೂ ಅಲ್ಲ. ಊರಿನದ್ದು. ಅದಕ್ಕೇ ಇಷ್ಟು ಕಾಗದ ಕೇಳುವುದು ನಾವು. ಮೂವತ್ತನೇ ತಾರೀಕಿನೊಳಗೆ ಎಲ್ಲಿಯದ್ದಾದ್ರೂ ಕರಾರು ತನ್ನಿ. ಆಮೇಲೆ ಯಾರ ಫೋನ್ ಬಂದ್ರೂ ನಾನು ಉತ್ತರ ಕೊಡ್ತೇನೆ."

ಮೆಟ್ಟಿಲಿಳಿಯುವಾಗ ನನ್ನ ಬಾಯಿ ನಿಲ್ಲಲಿಲ್ಲ. "ನಿನಗೆ ಮಂಡೆ ಸಮ ಉಂಟಾ? ಸಿಕ್ಕಿದ್ದನ್ನು ಬಿಟ್ಟಿ! ಇಪ್ಪತ್ತೆರಡು ದಿನದಲ್ಲಿ ಜಾಗ ಎಲ್ಲಿಂದ ತರ್ತೀ? ಮಳೆ ಶುರುವಾದ್ರೆ ಎಂತ ಮಾಡ್ತೀ?" ಎಂದು ಬೈಯುತ್ತಲೇ ಇಳಿದೆ. ಹಿಂದೆ ಹೆಜ್ಜೆ ಸದ್ದಿಲ್ಲ. ತಿರುಗಿ ನೋಡಿದರೆ ಅವಳು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು.

"ಹೆದರಿಕೆ ಆಗ್ತಾ ಉಂಟು ಮಾಸ್ಟ್ರೇ. ಇದ್ದದ್ದೂ ಹೋಗ್ತದೋ ಅಂತ."

ಹೋಯಿತು. ಫೋನಿನ ಸಾಲ ಅವಳು ಒಲ್ಲೆನೆಂದ ಸುದ್ದಿ ಧನಿಗಳಿಗೆ ತಲುಪಿತು. ಮುಂದಿನ ಸೋಮವಾರ ಲಾಡ್ಜಿನ ಬಟ್ಟೆ ಬರಲಿಲ್ಲ. ಗುರುವಾರವೂ ಇಲ್ಲ. ಅವರು ಬಯ್ಯಲಿಲ್ಲ, ಶೆಡ್ಡು ಬಿಡು ಎನ್ನಲಿಲ್ಲ, ಬಟ್ಟೆ ಬೇರೆ ಕಡೆ ಕಳಿಸಿದರು, ಅಷ್ಟೇ. ಅದನ್ನು ಕೇಳಿದ ದಿನ ನಾನು ಅರ್ಧ ದಿನ ಕೆಲಸ ಮಾಡದೆ ಕೂತೆ. ಇಷ್ಟು ವರ್ಷ ಅವರು ಹೀಗೆ ಮಾಡಲಿಲ್ಲ, ಯಾಕೆಂದರೆ ಬೇಜಾರಾಗಿರಲಿಲ್ಲ. ಈಗ ಬೇಜಾರಾಯಿತು, ಮಾಡಿದರು. ಕೆಟ್ಟತನದಿಂದಲ್ಲ. ಮಾಡಲಿಕ್ಕೆ ಆಗುತ್ತಿತ್ತು, ಮಾಡಿದರು. ಹಲೀಮಾ ರೇಡಿಯೋ ಆರಿಸುತ್ತಿದ್ದದ್ದು ಯಾಕೆ ಎಂದು ನನ್ನ ದಪ್ಪ ತಲೆಗೆ ಆವತ್ತು ಹೊಕ್ಕಿತು.

ಮರುದಿನದಿಂದ ನಾನೂ ಜಾಗ ಹುಡುಕಲು ಹೊರಟೆ. ಸಿಟ್ಟಿನ ಮನುಷ್ಯನಿಗೆ ಹಟವೂ ಇರುತ್ತದೆ. ಜೆಪ್ಪುವಿನಲ್ಲೇ ಒಂದು ಮುಚ್ಚಿದ ಬೇಕರಿ ಸಿಕ್ಕಿತು. ಅದರ ಒಡತಿ ಶೆರಿಲ್ ಆಸ್ಪತ್ರೆಯಲ್ಲಿ ನರ್ಸ್, ಮಾತು ಕಡಿಮೆ. ದಯೆಯ ಸುದ್ದಿಯೇ ಇಲ್ಲ, ಬಾಡಿಗೆ ಇಷ್ಟು, ಮುಂಗಡ ಇಷ್ಟು ಎಂದಳು. ಮುಂಗಡಕ್ಕೆಂದು ಹಲೀಮಾ ಎರಡು ಚಿನ್ನದ ಬಳೆ ಬಿಚ್ಚಿಕೊಟ್ಟಳು. ಛಾಪಾಕಾಗದದಲ್ಲಿ ಕರಾರು ಆಯಿತು. ಉಮರಬ್ಬ ಕುರ್ಚಿಯಲ್ಲಿ ಬೆನ್ನಿಗೆ ದಿಂಬು ಕೊಟ್ಟು ಕೂತು ಪೂರ್ತಿ ಓದಿಸಿದ. "ಮೂರು ತಿಂಗಳ ಮುಂಚಿತ ನೋಟಿಸು ಕೊಡದೆ ಬಾಡಿಗೆದಾರರನ್ನು ತೆರವುಗೊಳಿಸತಕ್ಕದ್ದಲ್ಲ" ಎಂಬ ಸಾಲು ಬಂದಾಗ, "ಅದನ್ನು ಇನ್ನೊಮ್ಮೆ ಓದಿ ಮಾಸ್ಟ್ರೇ" ಎಂದ. ಇನ್ನೊಮ್ಮೆ ಓದಿದೆ.

ಏಪ್ರಿಲ್ ಇಪ್ಪತ್ತಾರಕ್ಕೆ ಹೊಸ ಅರ್ಜಿ. ಒಂಬತ್ತನೇ ಕಾಲಮಿನಲ್ಲಿ "ಬಾಡಿಗೆ ಕರಾರಿನ ಪ್ರಕಾರ" ಎಂದು ಬರೆದು, ನನ್ನ ಮಾಮೂಲಿ ಬಾಲ ಸೇರಿಸಿದೆ. ಹಲೀಮಾ ಸ್ಕ್ರೀನಿನ ಮೇಲೆ ಬೆರಳಿಟ್ಟಳು.

"ಈ ಬೇಡಿಕೊಳ್ಳುತ್ತೇನೆ ತೆಗೀರಿ."

"ಅದು ಪದ್ಧತಿ."

"ತೆಗೀರಿ. ನಿಯಮದ ಪ್ರಕಾರ ನೋಡಿ ಉತ್ತರ ಕೊಡಿ, ಅಂತ ಬರೀರಿ."

"ಕೊಡಿ? ಕಚೇರಿಗೆ ಕೊಡಿ ಅಂತ ಬರೆಯುವುದಾ? ಆರೇ ಸಾಯ್ಬಾ, ದೇವರೇ! ಮೂವತ್ತಾರು ವರ್ಷದಿಂದ ಬರೀತಾ ಇದ್ದೇನೆ, ನನಗೆ ಕಲಿಸ್ತೀಯಾ ನೀನು?" ಲ್ಯಾಪ್‌ಟಾಪನ್ನು ರಪ್ಪನೆ ಮುಚ್ಚಿದೆ. ಜೆರಾಕ್ಸಿಗೆ ಬಂದವರೆಲ್ಲ ತಿರುಗಿ ನೋಡಿದರು. ಹಲೀಮಾ ಜಗಳಕ್ಕೆ ಬರಲಿಲ್ಲ. ನಾನು ತಣ್ಣಗಾಗುವವರೆಗೆ ಕೂತೇ ಇದ್ದಳು.

ಲ್ಯಾಪ್‌ಟಾಪು ತೆರೆದೆ. ನಿಯಮಾನುಸಾರ ಪರಿಶೀಲಿಸಿ ಲಿಖಿತ ಉತ್ತರ ನೀಡುವುದು ಎಂದು ಟೈಪ್ ಮಾಡಿದೆ. ವಿಧೇಯ ಎಂಬುದನ್ನು ಅಳಿಸಿ "ಅರ್ಜಿದಾರಳು, ಹಲೀಮಾ" ಎಂದು ಹಾಕಿದೆ. ನಿಜ ಹೇಳುತ್ತೇನೆ, ಸಾಹೇಬರ ಕೋಣೆಗೆ ಚಪ್ಪಲಿ ಕಳಚದೆ ಹೋದ ಹಾಗೆ ಅನಿಸಿತು.

ಸಾಲ ಮಂಜೂರಾಯಿತು, ಕೇಳಿದಷ್ಟು ಅಲ್ಲ. ಅಷ್ಟು ಸಣ್ಣ ಜಾಗಕ್ಕೆ ಅಷ್ಟು ದೊಡ್ಡ ಯಂತ್ರ ನಿಯಮದಲ್ಲಿ ಬರುವುದಿಲ್ಲ, ಇಂಥ ಕಲಮಿನ ಪ್ರಕಾರ ಇಷ್ಟೇ, ಒಪ್ಪದಿದ್ದರೆ ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದು ಎಂದು ಕಾಗದ ಬಂತು. ಬೇಡಿಕೊಳ್ಳುತ್ತೇನೆ ಬರೆಯದಿದ್ದರೆ ಹೀಗೇ ಆಗುವುದು ಎಂದು ನಾನು ಗೊಣಗಿದೆ. ಹಲೀಮಾ ಆ ಕಾಗದವನ್ನು ಬೇಕರಿಯ ಗೋಡೆಗೆ ಅಂಟಿಸಿದಳು. ಕಡಿಮೆ ಕೊಟ್ಟದ್ದಕ್ಕೂ ಕಾರಣ ಬರೆದು ಕಳಿಸಿದವರು ತನ್ನ ಜೀವಮಾನದಲ್ಲಿ ಇವರೇ ಮೊದಲಂತೆ. ಶೆಡ್ಡಿನ ಬೀಗದಕೈಯನ್ನು ಧನಿಗಳ ಮನೆಗೆ ಹೋಗಿ ಅವಳೇ ಕೊಟ್ಟು ಬಂದಳು. ಅವರು ಹೊರಗೆ ಬರಲಿಲ್ಲವಂತೆ. ಅವತ್ತು ಅವಳು ಊಟ ಮಾಡಲಿಲ್ಲ ಎಂದು ಉಮರಬ್ಬ ಹೇಳಿದ. ಎರಡು ಸಲ ಕೇಳಿದ್ದ ಆ ಇನ್ನೊಂದು ಲಾಡ್ಜಿಗೆ ಅವಳೇ ಹೋಗಿ ಕೆಲಸ ತಂದಳು.

ನನ್ನ ವಿಷಯ ಕೇಳುತ್ತೀರಾದರೆ, ಏವ್ರಿಲ್ ಬಾಯಿಯ ಹೆಸರಿಗೆ ಒಂದು ಬಾಡಿಗೆ ಕರಾರನ್ನು ನಾನೂ ಟೈಪ್ ಮಾಡಿಟ್ಟಿದ್ದೇನೆ. ಪ್ರಿಂಟ್ ತೆಗೆಯಲು ಧೈರ್ಯ ಬಂದಿಲ್ಲ. ಜೆರಾಕ್ಸ್ ಮಾಸಿ ಬರುತ್ತದೆ ಎಂದು ಮಾತ್ರ ಒಮ್ಮೆ ಹೇಳಿದೆ. ಅವರಿಗೆ ಗೊತ್ತೇ ಇರಲಿಲ್ಲವಂತೆ.

ಜುಲೈ ಮೊದಲ ವಾರ, ಬ್ಯಾಂಕಿಗೆ ಕೊಡುವ ಮೂರು ತಿಂಗಳ ನಮೂನೆ ತುಂಬಿಸಲು ನಾನು ಬೇಕರಿಗೆ ಹೋಗಿದ್ದೆ. ಹೊರಗೆ ಧೋ ಎಂದು ಮಳೆ. ಒಳಗೆ ಯಂತ್ರ ತಿರುಗುತ್ತಿತ್ತು, ಬಿಸಿ ಚಾದರದ ವಾಸನೆ, ರೇಡಿಯೋದಲ್ಲಿ ಏನೋ ಹಾಡು. ರಸ್ತೆಯಲ್ಲಿ ಕಾರೊಂದು ನಿಂತಿತು. ಆ ಸದ್ದು ಹಲೀಮಾಳಿಗೆ ಗೊತ್ತು, ನನಗೂ ಗೊತ್ತು. ಅವಳ ಕೈ ರೇಡಿಯೋದತ್ತ ಹೋಯಿತು. ಅರ್ಧದಲ್ಲಿ ನಿಂತಿತು. ಕೂತಲ್ಲೇ ಪುನಃ ಚಾದರ ಮಡಚತೊಡಗಿದಳು.

ಧನಿಗಳು ಕೊಡೆ ಹಿಡಿದು ಹೊಸ್ತಿಲಾಚೆ ನಿಂತಿದ್ದರು. ಬಾಗಿಲು ತೆರೆದೇ ಇತ್ತು. ಒಂದು ಕೈಯಲ್ಲಿ ದೊಡ್ಡ ಗಂಟು, ಪ್ಯಾಂಟಿನ ಕಾಲು ಒದ್ದೆ.

"ಒಳಗೆ ಬರಬಹುದಾ?" ಎಂದು ಕೇಳಿದರು.

ಹಲೀಮಾಳ ಕಣ್ಣಲ್ಲಿ ನೀರು ತುಂಬಿತು, ಎದ್ದು ಮಾತ್ರ ನಿಲ್ಲಲಿಲ್ಲ. "ಬನ್ನಿ ಗುಣಪಾಲಣ್ಣ, ಕೂತ್ಕೊಳ್ಳಿ" ಎಂದಳು.

ಹನ್ನೊಂದು ವರ್ಷದಲ್ಲಿ ಅವಳು ಅವರನ್ನು ಅಣ್ಣ ಎಂದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರಿಗೂ ಅದು ತಟ್ಟಿತು, ಕೊಡೆ ಮಡಚಲು ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡರು. ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು. ಗೋಡೆಯ ಕಾಗದವನ್ನು ಕನ್ನಡಕ ಹಾಕಿ ಪೂರ್ತಿ ಓದಿದರು. ಕನ್ನಡಕ ಮಡಚಿ ಗಂಟನ್ನು ಕಾಲ ಬಳಿ ಇಟ್ಟರು.

"ಆ ಬೇರೆಯವರು ಚಾದರವನ್ನು ಒದ್ದೆಯೇ ಮಡಚಿ ಕೊಡ್ತಾರೆ ಹಲೀಮಾ. ಗಿರಾಕಿಗಳು ಬೈದು ಸಾಕಾಯ್ತು. ಇಪ್ಪತ್ತು ಜೊತೆ ಉಂಟು, ನಾಳೆ ಬೆಳಿಗ್ಗೆಗೆ ಬೇಕಿತ್ತು."

ಶೆಡ್ಡಿನಲ್ಲಾಗಿದ್ದರೆ ಅವಳು ಊಟ ಬಿಟ್ಟಾದರೂ ಮಾಡಿ ಕೊಡುವಳು.

"ನಾಳೆಗೆ ಆಗುವುದಿಲ್ಲ ಗುಣಪಾಲಣ್ಣ" ಎಂದಳು ಹಲೀಮಾ. "ಮೊದಲು ಬಂದವರದ್ದು ಉಂಟು. ಗುರುವಾರ ಕೊಡ್ತೇನೆ."

ರೇಡಿಯೋ ಹಾಡುತ್ತಲೇ ಇತ್ತು. ಗುಣಪಾಲರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು, ಕಾಲಿನ ಹತ್ತಿರವಿದ್ದ ಗಂಟನ್ನು ನೋಡಿದರು. ಆಮೇಲೆ ಗಂಟನ್ನು ಎತ್ತಿ ಅವಳ ಮೇಜಿನ ಮೇಲಿಟ್ಟರು.

"ಗುರುವಾರ ಎಷ್ಟು ಗಂಟೆಗೆ ಬರ್ಲಿ?" ಎಂದು ಕೇಳಿದರು.